ಹಂದಿಗಳು ಅಲ್ಲಿ ದಾಟುತ್ತಿರಲಿಲ್ಲ

ಸುನಂದಾ ವೈನಿ, ಆ ಹಂದಿಗಳು ತಾವಾಗಿ ರಸ್ತೆಗೆ ಬಂದವಲ್ಲ. ಅವನ್ನು ಹೆದ್ದಾರಿಗೆ ಅಟ್ಟಿದವನು ನಾನು. ಅಣ್ಣಾಸಾಬನ ಬೈಕಿಗೆ ಅಡ್ಡ ಬಂದದ್ದು ದೈವವಲ್ಲ, ನನ್ನ ಕಬ್ಬಿನ ಹೊಲ — ಇಷ್ಟು ಹೇಳುವುದಕ್ಕೆ ನನಗೆ ಇಷ್ಟು ವರ್ಷ ಬೇಕಾಯಿತು.

ನಾನು ಎಂಥವನೆಂದು ನಿಮಗೆ ಗೊತ್ತು. ಬೀಗ ಹಾಕಿ ಬಸ್ ಸ್ಟ್ಯಾಂಡಿನವರೆಗೆ ಹೋಗಿ, ಹಾಕಿದೆನೋ ಇಲ್ಲವೋ ಎಂದು ತಿರುಗಿ ಬರುವವನು. ಮಗಳ ಮದುವೆಯಲ್ಲಿ ಬೀಗರನ್ನು ಮಾತಾಡಿಸುವುದು ಬಿಟ್ಟು ಗ್ಯಾಸ್ ಸಿಲಿಂಡರಿನ ಪೈಪು ಮೂಸುತ್ತ ಕೂತವನು. ನಿಮ್ಮ ಯಜಮಾನ ಅಣ್ಣಾಸಾಬ, ನನ್ನ ದೊಡ್ಡಪ್ಪನ ಮಗ, ನಗುತ್ತಿದ್ದ: “ಚಿಂತಿ ಮಾಡಾಕ ಏನೂ ಇಲ್ಲಂದ್ರ ಅದಕ್ಕೂ ಚಿಂತಿ ಮಾಡ್ತೀಯಲ್ಲಲೇ ಬಾಳೂ!” ಕೊನೆಗೆ ಆ ಚಿಂತೆಯೇ ಅವನನ್ನು ಕೊಂದಿತು.

ಕೊಗನೊಳ್ಳಿ ಹತ್ತಿರದ ನಮ್ಮ ಹೊಲಕ್ಕೆ ಒಂದು ಬದಿ ಹೆದ್ದಾರಿ, ಎದುರು ಬದಿ ಹಳ್ಳ. ಅಪ್ಪನ ಕಾಲದಿಂದಲೂ ಕಬ್ಬಿನ ಕಟಾವು ರಸ್ತೆಯ ಕಡೆಯಿಂದಲೇ ಶುರು. ಕಡಿಯುತ್ತ ಹೋದಂತೆ ಒಳಗಿರುವ ಹಂದಿ, ನರಿ, ಮೊಲ ಎಲ್ಲವೂ ನಿಂತ ಕಬ್ಬಿನೊಳಕ್ಕೆ ಸರಿಯುತ್ತವೆ. ಕೊನೆಯ ಪಟ್ಟಿ ಉಳಿದಾಗ ಅಪ್ಪ ಎಲ್ಲರ ಕೈ ನಿಲ್ಲಿಸುತ್ತಿದ್ದ. ಹಳ್ಳದ ಕಡೆ ಯಾರೂ ನಿಲ್ಲುವಂತಿರಲಿಲ್ಲ. ಈ ಕಡೆಯಿಂದ ಎಣ್ಣೆಯ ಡಬ್ಬಿ ಬಾರಿಸುತ್ತಿದ್ದ. ಒಳಗಿನ ಜೀವಗಳೆಲ್ಲ ಹಳ್ಳಕ್ಕಿಳಿದು ಹೋದ ಮೇಲೆಯೇ ಮತ್ತೆ ಕೊಯ್ತಾ ಬೀಸುವುದು. ಜೈನರ ಮನೆ, ನಮ್ಮ ಬೆಳೆಯಿಂದ ಒಂದು ಜೀವ ಹೋಗಬಾರದು ಅನ್ನುವುದು ಅವನ ಹಟ.

ಆ ವರ್ಷ ನಾನು ಅದನ್ನು ತಿರುವುಮುರುವು ಮಾಡಿದೆ. ಮೋಡ ಕಟ್ಟಿತ್ತು. ಮಳೆಯಾದರೆ ಹಳ್ಳದ ಬದಿಯ ಎರೆಮಣ್ಣಿನಲ್ಲಿ ಟ್ರ್ಯಾಕ್ಟರ್ ಹೂತುಕೊಂಡರೆ? ಆ ಬದಿಯ ಕಬ್ಬನ್ನು ಮೊದಲು ಕಡಿಸಿಬಿಟ್ಟರೆ ರಸ್ತೆಬದಿಯದನ್ನು ಯಾವಾಗ ಬೇಕಾದರೂ ತುಂಬಬಹುದಲ್ಲ — ಎಂಥ ಜಾಣತನ! ಹೀಗಾಗಿ ಕೊನೆಯ ಪಟ್ಟಿ ಉಳಿದದ್ದು ಹೆದ್ದಾರಿಯ ಮಗ್ಗುಲಲ್ಲಿ. ಕಡಿಯುವವರ ಗುಂಪಿನ ಗಂಗವ್ವ ಅದರ ಮುಂದೆ ನಿಂತು ಕೂಗಿದಳು:

“ಸಾವ್ಕಾರ್ರ, ಒಳಗ ಹಂದಿ ಅದಾವ್ರಿ! ಸೀದಾ ರೋಡಿಗೇ ಜಿಗೀತಾವ!”

“ಹಂದೀ ಚಿಂತಿ ನಿನಗ್ಯಾಕ ಬೇ? ತಮ್ಮ ಹಾದಿ ತಾವ ನೋಡ್ಕೋತಾವ. ನೀ ಕಡಿ.”

ಜೀವಮಾನವಿಡೀ ಎಲ್ಲದಕ್ಕೂ ಚಿಂತಿಸಿದವನು, ಚಿಂತಿಸಲೇಬೇಕಾಗಿದ್ದ ಆ ಒಂದು ಗಳಿಗೆಯಲ್ಲಿ —

ಕಬ್ಬು ಅಲುಗಿತು. ದೊಡ್ಡದೊಂದು ಹಂದಿ, ಅದರ ಹಿಂದೆ ಮರಿಗಳು. ಬ್ರೇಕಿನ ಸಪ್ಪಳ, ಆಮೇಲೆ ಕಬ್ಬಿಣ ರಸ್ತೆಗೆ ಉಜ್ಜಿದ ಸಪ್ಪಳ. ಓಡುವಾಗ ನಾನು ಬೇಡಿಕೊಂಡದ್ದೇನು ಗೊತ್ತೇ? ಯಾರೋ ದೂರದವರಿರಲಿ, ನನಗೆ ಗುರುತಿಲ್ಲದವರಿರಲಿ. ಹತ್ತಿರ ಹೋದೆ. ಮಕ್ಕಳಿಗೆ ಪಾಠ ಮುಗಿಸಿ ನಿಪ್ಪಾಣಿಯಿಂದ ಹೊರಟ ನಮ್ಮ ಅಣ್ಣಾಸಾಬ. ಬೆರಳುಗಳು ಇನ್ನೂ ಕ್ಲಚ್ ಹಿಡಿದಂತೆ ಮಡಚಿಕೊಂಡಿದ್ದವು. ಆ ಬೆರಳುಗಳನ್ನು ಬಿಡಿಸಲು ನೋಡಿದೆ — ಏಕೆಂದು ಇವತ್ತಿಗೂ ಗೊತ್ತಿಲ್ಲ.

ಮಳೆ ಬರಲಿಲ್ಲ.

ಕಡಿಯುವವರ ಗುಂಪು ತನ್ನೂರಿಗೆ ಹೋಯಿತು; ಹಂದಿ ಅಡ್ಡ ಬಂದರೇನು, ಜೋರಾಗಿ ಓಡಿಸಿದ್ದಾನೆ ಎಂದು ಜನ ಅಂದರು. ನೀವು ಒಪ್ಪಲಿಲ್ಲ. ಆಗ ರಸ್ತೆಯನ್ನು ಚತುಷ್ಪಥ ಮಾಡುವ ಕೆಲಸ ನಡೆದಿತ್ತು. ನೀವು ಕಚೇರಿಯಿಂದ ಕಚೇರಿಗೆ ಅಲೆದಿರಿ: ಪ್ರಾಣಿಗಳು ದಾಟಲು ಒಂದು ಕೆಳದಾರಿ ಮಾಡಿರಿ, ಇನ್ನೊಬ್ಬಳು ಹೀಗೆ ವಿಧವೆಯಾಗುವುದು ಬೇಡ. ಕೊನೆಗೊಬ್ಬ ಸಾಹೇಬರು ಸ್ಥಳ ನೋಡಲು ಬಂದರು. ನೀವು ನನ್ನ ಕಡೆ ತಿರುಗಿದಿರಿ:

“ಬಾಳೂ, ನಿನ್ನ ಹೊಲಾ ಇದು. ನೀನ ಹೇಳಪಾ. ಇಲ್ಲೇ ದಾಟ್ತಾವಲ್ಲ?”

ನಾನು ಹೇಳಿದೆ: “ಹೌದ್ರಿ ಸಾಹೇಬ್ರ. ಮೊದಲಿಂದಲೂ ಇದ ಹಾದಿ ಅವುಕ್ಕ.”

ಎಷ್ಟು ಸಲೀಸಾಗಿ ಬಂತು ಆ ಮಾತು! ಊಟವಾಯಿತೇ ಎಂದು ಕೇಳಿದರೂ ಎರಡು ಸಲ ಯೋಚಿಸುವವನು ನಾನು. ಅಂದು ಒಮ್ಮೆಯೂ ತಡೆಯಲಿಲ್ಲ. ಹಂದಿಗಳ ಹಾದಿ ಹಳ್ಳದ ಗುಂಟ, ಹಳ್ಳ ರಸ್ತೆಯನ್ನು ಹಾಯುವ ತಿರುವಿನಲ್ಲಿ. ಅಲ್ಲಿ ರಸ್ತೆಯ ಕೆಳಗಿರುವುದು ಸಣ್ಣ ಪೈಪು, ಕಸ ಸಿಕ್ಕಿಕೊಂಡು ಮುಚ್ಚಿಹೋದದ್ದು. ಅದಕ್ಕೇ ಅವು ಮೇಲೆ ಹತ್ತುತ್ತವೆ. ಕೆಸರಿನಲ್ಲಿ ಅವುಗಳ ಗೊರಸಿನ ಗುರುತು ನೋಡುತ್ತ ಬೆಳೆದವನು ನಾನು. ಆದರೆ ಅದನ್ನು ಹೇಳಿದರೆ, ಹಾಗಾದರೆ ಅವತ್ತು ನಿನ್ನ ಹೊಲದ ಮುಂದೆ ಹೇಗೆ ಬಂದವು ಎಂದು ಕೇಳುತ್ತಿದ್ದರು.

ಕೆಳದಾರಿ ಆಯಿತು, ನನ್ನ ಹೊಲದ ಮುಂದೆಯೇ. ಹಂದಿಗಳನ್ನು ಬಿಟ್ಟು ಎಲ್ಲರೂ ಅದರಲ್ಲಿ ದಾಟಿದೆವು. ಎಲ್ಲರಿಗಿಂತ ಹೆಚ್ಚು ನನ್ನ ಟ್ರ್ಯಾಕ್ಟರ್. ಊರವರು ಆ ಸುರಂಗಕ್ಕೆ ‘ಹಂದಿ ಬೋಗದಾ’ ಎಂದು ಹೆಸರಿಟ್ಟರು. ಸಂತೆಗೆ ಹೊರಟ ನಿಮ್ಮನ್ನು ತಡೆದು, “ಅಕ್ಕಾರ, ನಿಮ್ಮ ಹಂದಿ ಇವತ್ತ ಎಷ್ಟಕ್ಕ ಬರ್ತಾವ್ರಿ?” ಎಂದು ನಕ್ಕಾಗ ನಾನು ಅಲ್ಲೇ ಇದ್ದೆ. ಚಪ್ಪಲಿಯ ಪಟ್ಟಿ ಸರಿಮಾಡಿಕೊಳ್ಳುವವನಂತೆ ಬಗ್ಗಿದ್ದೆ.

ಈಗ ರಸ್ತೆ ಮತ್ತೆ ಅಗಲವಾಗಲಿದೆ. ಪ್ರಾಣಿಗಳ ದಾರಿ ಇನ್ನೂ ಬೇಕೇ ಎಂದು ನಾಳೆ ಪಂಚಾಯತಿಯಲ್ಲಿ ಕೇಳುತ್ತಾರೆ. ಎಲ್ಲರೂ ಬೇಡ ಎನ್ನುತ್ತಾರೆ — ಒಂದು ಮಾಡಿ ನೋಡಿದ್ದಾಯಿತಲ್ಲ! ನಿನ್ನೆ ನೀವೂ ನನ್ನೆದುರು ಅಂದಿರಿ: “ನಾನೂ ಬ್ಯಾಡ ಅಂತೀನಿ ಬಾಳೂ. ಅವರ ಹೆಸರಲೇ ಹಟಾ ಹಿಡದು ಊರ ಮುಂದ ಅವರನ್ನೂ ನಗಿಪಾಟ್ಲಿ ಮಾಡಿದೆ.” ಇದೇ ವಾರ ಹಳ್ಳದ ತಿರುವಿನಲ್ಲಿ ಕಾಲೇಜಿನ ಹುಡುಗಿಯೊಬ್ಬಳ ಸ್ಕೂಟಿಗೆ ಹಂದಿ ಅಡ್ಡಬಂತು. ಕಾಲು ಮುರಿದಿದೆ, ಬದುಕಿದ್ದಾಳೆ. ಒಂದು ಸುಳ್ಳಿನಿಂದ ನಿಮ್ಮ ಗಂಡನ ಸಾವನ್ನಷ್ಟೇ ಮುಚ್ಚಿಟ್ಟೆ ಅಂದುಕೊಂಡಿದ್ದೆ. ಇಷ್ಟು ವರ್ಷ ಇನ್ನೊಂದು ಸಾವಿಗೆ ಜಾಗ ಬಿಟ್ಟುಕೊಟ್ಟು ಕೂತಿದ್ದೆ.

ನೀವು ಕೇಳಿದ್ದು ಸರಿಯಾಗಿತ್ತು, ವೈನಿ. ಜಾಗ ತೋರಿಸಿದವನು ತಪ್ಪು ತೋರಿಸಿದ. ನಾಳೆ ಬೇಡ ಅನ್ನಬೇಡಿ. ಹಳ್ಳದ ತಿರುವಿನಲ್ಲಿ ಆಗಲಿ ಎಂದು ಕೇಳಿ; ಮೊದಲನೆಯದಕ್ಕೆ ಹಂದಿಗಳು ಯಾಕೆ ಬರಲಿಲ್ಲವೆಂದು ನಾನು ಎದ್ದು ನಿಂತು ಹೇಳುತ್ತೇನೆ, ಗಂಗವ್ವನಿಗೆ ಅಂದ ಮಾತನ್ನೂ ಸೇರಿಸಿ. ಆಮೇಲೆ ನೀವು ನನ್ನ ಮುಖ ನೋಡದಿದ್ದರೆ ಅದು ನಿಮಗೆ ಬಿಟ್ಟದ್ದು. ಕ್ಷಮಿಸಿ ಎಂದು ಕೇಳುವುದಿಲ್ಲ — ಕೇಳಿದರೆ ನೀವು ಕ್ಷಮಿಸಿಬಿಡುತ್ತೀರಿ.