ಉಪಾಸದ ಬಾಟ್ಲಿ

ಸಾಲಿ ವಿಜ್ಞಾನ ಪ್ರದರ್ಶನಕ್ಕ ಹಾವಸಿ, ಅದೇ ಪಾಚಿ, ಬೆಳಸ್ತೇನಿ ಅಂತ ಮೊಮ್ಮಗಳು ಅಂದಾಗ ನನಗ ನಗಿ ಬಂತು. ನಾವಿರೋ ಈ ಕೊಂಕಣಿ ಊರು ಫಾತೋರ್ಡಾದ ಮಳಿಗಾಲದಾಗ ನಮ್ಮ ಹಿತ್ತಲ ಮೆಟ್ಲು, ಗ್ವಾಡಿ, ಬಟ್ಟಿ ಒಗಿಯೋ ಕಲ್ಲು, ಎಲ್ಲಾ ಕಡೆ ಹಾವಸಿ ತಾನಾಗೇ ಬೆಳೀತೈತಿ. ತಿಕ್ಕಿ ತಿಕ್ಕಿ ನನ್ನ ಕೈ ಸವದಾವು. ಅಂಥಾದ್ದನ್ನ ಬಾಟ್ಲ್ಯಾಗಿಟ್ಟು ಸಾಕೋದಂದ್ರ?

ಆಕಿ ಏಳನೇ ಕ್ಲಾಸು, ನಾ ನಾಕಕ್ಕ ಸಾಲಿ ಬಿಟ್ಟಾಕಿ. ಆದ್ರೂ ಬಾಜೂಕ ಕುಂಡ್ರಿಸಿಕೊಂಡು ಎಲ್ಲಾ ಬಿಡಿಸಿ ಹೇಳಿದ್ಲು. ಟಾಕ್ಯಾಗಿನ ಹಸರು ನೀರನ್ನ ಮೂರು ಉಪ್ಪಿನಕಾಯಿ ಬಾಟ್ಲಿಗೆ ಸಮಾ ಹಾಕಿ ಅಡಗಿಮನಿ ಕಿಡಕಿಗೆ ಇಟ್ಟಿದ್ಲು. ಒಂದಕ್ಕ ಚಿಟಿಕಿ ಗೊಬ್ಬರ, ಒಂದಕ್ಕ ಮೈಲುತುತ್ತದ ಹರಳು. ಮೂರನೇದಕ್ಕ ಏನೂ ಇಲ್ಲ.

"ಹಾವಸಿ ಅಂದ್ರ ಬರೇ ಜಿಡ್ಡಲ್ಲಜ್ಜಿ, ಕಣ್ಣಿಗೆ ಕಾಣದಂಥ ಸಣ್ಣ ಸಣ್ಣ ಜೀವ. ತಿನ್ನೋದು ಸಿಕ್ರ ಹೆಚ್ಚಾಕೈತಿ, ವಿಷ ಬಿದ್ರ ಸಾಯ್ತೈತಿ."

"ಮತ್ತ ಇದಕ್ಕ ಯಾಕ ಏನೂ ಹಾಕಿಲ್ಲ?"

"ಇದನ್ನ ನೋಡೇ ಉಳದವು ಎಷ್ಟು ಬದಲಾದ್ವು ಅಂತ ಹೇಳೋದು."

ಹೂಂ ಅಂದೆ. ಆದ್ರ ಮನಸ್ಸು ಒಪ್ಪಲಿಲ್ಲ. ಪಂಕ್ತಿಗೆ ಕುಂತವ್ರಾಗ ಒಬ್ಬರ ಎಲಿ ಖಾಲಿ ಬಿಟ್ಟು ಮುಂದ ಹೋಗೋದು ನಮ್ಮ ಕಡೆ ಪದ್ಧತಿ ಅಲ್ಲ. ಅಕ್ಕಿ ತೊಳದ ನೀರು ನಾ ಎಂದೂ ಚೆಲ್ಲಾಕಿ ಅಲ್ಲ, ಕರಿಬೇವಿಗೆ ಹಾಕ್ತೇನಿ. ದಿನಾ ಮುಂಜಾನೆ ಹೋಗ್ತಾ ಹೋಗ್ತಾ ಆ ಬಡ ಬಾಟ್ಲಿಗೂ ಒಂದು ಸೌಟು ಹಾಕಾಕತ್ತಿದೆ.

ಒಂದಿನ ಆಕಿ ಸಾಲಿಯಿಂದ ಬಂದು ನೋಡ್ತಾಳ, ಏನೂ ಹಾಕದ ಬಾಟ್ಲಿನೇ ಎಲ್ಲಕ್ಕಿಂತ ಹಸರಾಗಿ ಕುಂತೈತಿ.

"ಇದು ಹ್ಯಾಂಗಾತು?"

"ನಾ ಊಟಾ ಹಾಕೇನಿ," ಅಂದೆ, ಭಾಳ ಹೆಮ್ಮಿಲೆ.

ಕೂಸು ಅಳಾಕತ್ತಿತು. ಹೋಲಿಸಿ ತೋರಸಾಕ ಏನೂ ಹಾಕದ ಒಂದು ಬಾಟ್ಲಿ ಇರದಿದ್ರ ಪ್ರಯೋಗ ಇಡಾಕ ಟೇಬಲ್ಲೇ ಕೊಡಂಗಿಲ್ಲ ಅಂತ ಅವರ ಟೀಚರ್ ಹೇಳಿದ್ರಂತ. ಪ್ರದರ್ಶನಕ್ಕ ಇನ್ನು ಎರಡೇ ವಾರ. ಆಫೀಸಿನಿಂದ ಬಂದ ಮಗ ಬಾಟ್ಲಿ ನೋಡಿ, "ಯವ್ವಾ, ವಿಜ್ಞಾನಕ್ಕೂ ಬಡಿಸಿದಿಯಲ್ಲ," ಅಂದ. ಕೂಸು ಅಳೂದ್ರಾಗೇ ನಕ್ಕಿತು.

ಅವತ್ತೇ ಸಂಜಿಗೆ ಎಲ್ಲಾ ತೊಳದು ಹೊಸದಾಗಿ ಹೂಡಿದ್ವಿ. ಈ ಸಲ ನಾಕು ಬಾಟ್ಲಿ. ಅಕ್ಕಿ ನೀರಿಗೂ ಒಂದು ಇರಲಿ ಅಂತ ಆಕಿನೇ ಅಂದ್ಲು. ಅದರಾಗ ಫಾಸ್ಫರಸ್ ಅಂತ ಒಂದು ಇರ್ತೈತಂತ, ಗೊಬ್ಬರದಾಗ ಇರೋದೂ ಅದೇ ಅಂತ. ಏನೂ ಹಾಕದ ಬಾಟ್ಲಿಗೆ ಮಾತ್ರ ಒಂದು ಚೀಟಿ ಅಂಟಿಸಿದ್ಲು, "ಅಜ್ಜಿ, ಇದಕ್ಕ ಉಪಾಸ" ಅಂತ, ನಾ ಕಲಿಸಿದ ಕನ್ನಡದಾಗ. ಆದ್ರ ರೂಢಿ ಬಿಡಬೇಕಲ್ಲ? ಮುಂಜಾನೆ ಸೌಟು ಹಿಡದ ಕೈ ಆ ಕಡೇನ ಹೊಳ್ಳೋದು. ಸೊಸಿ ಒಲಿ ಮುಂದಿಂದನ, "ಅತ್ತಿ, ಕೈ ಹಿಂದ ತಗೋರಿ," ಅಂತಿದ್ಲು.

ಪ್ರದರ್ಶನದ ದಿನ ಆಕಿಗೆ ಟೇಬಲ್ ಸಿಕ್ತು. ಗೊಬ್ಬರದ್ದು ಪಾಲಕ್ ಸಾರಿನಂಗ ದಟ್ಟ. ಮೈಲುತುತ್ತದ್ದರಾಗ ಹಸರೆಲ್ಲ ಸತ್ತು ತಳಕ್ಕ ಕುಂತಿತ್ತು. ಅಕ್ಕಿ ನೀರಿಂದು ಹಸರೇನೋ ಚಲೋ ಆಗಿತ್ತು, ಮುಚ್ಚಳಾ ತಗದವ್ರು ಮಾತ್ರ ಎರಡು ಹೆಜ್ಜಿ ಹಿಂದ ಸರದ್ರು. ಉಪಾಸದ ಬಾಟ್ಲಿ ಹಾಕಿದಾಗ ಇದ್ದಂಗ ತೆಳ್ಳಗ, ತಿಳಿ ಹಸರು. ಆಕಿ ಒಬ್ಬರಿಗೆ ಇಂಗ್ಲಿಷಿನಾಗ, ಒಬ್ಬರಿಗೆ ಕೊಂಕಣ್ಯಾಗ ಹೇಳಾಕತ್ತಿದ್ಲು. ನನಗ ಅರ್ಧಾನೂ ತಿಳಿಲಿಲ್ಲ. ಆದ್ರ ಆಕಿ ತೋರಸೋ ಬಟ್ಟು ಮೊದಲು ಉಪಾಸದ ಬಾಟ್ಲಿಗೆ ಹೋಗಿ, ಆಮ್ಯಾಲೆ ಉಳದವಕ್ಕ ಹೋಗೋದು ನೋಡಿದೆ. ಹೌದಲ್ಲ, ಅದೊಂದು ಇರದಿದ್ರ ಉಳದವು ಏನು ಹೇಳ್ತಿದ್ವು?

ಎರಡನೇ ಬಹುಮಾನ ಬಂತು. ದಾರ್ಯಾಗ ಕಾರು ನಿಲ್ಲಿಸಿ ಪೇಡೆ ತಗೊಂಡೆ. ಬಾಜೂ ಮನಿ, ಎದರು ಮನಿ, ಹಾಲಿನವ್ರು, ಯಾರನ್ನೂ ಬಿಡಬಾರದು ಅಂದೆ.

ಮಗ ಅಂದ, "ಯವ್ವಾ, ಎರಡನೇದಕ್ಕ ಇಷ್ಟು ಪೇಡೆ?"

"ನಿನಗ ಸಾಲ್ಯಾಗ ಎಂದರ ಎರಡನೇದು ಬಂದಿತ್ತೇನು?"

ಅವ ಒಂದು ಪೇಡೆ ಬಾಯಾಗ ಹಾಕ್ಕೊಂಡು ಗಾಡಿ ಹೊಡದ. ಹಿಂದಿನ ಸೀಟಿನಾಗ ಕೂಸು ನನ್ನ ತೊಡಿ ಮ್ಯಾಲೆ ತಲಿ ಇಟ್ಟು ಮೂರನೇ ಪೇಡೆ ತಿನ್ನಾಕತ್ತಿತ್ತು.