ಅಕ್ಕ ಕೂತ ಹಗ್ಗ

ಹಗ್ಗದ ತುದಿಯನ್ನು ಎಡಗೈಯಲ್ಲಿ ಹಿಡಿದು, ಬಲಗೈಯ ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಅದನ್ನು ನಿಧಾನವಾಗಿ ಎಳೆದುಕೊಳ್ಳುತ್ತಿದ್ದಾರೆ ಆ ಹೆಂಗಸು. ಮೊಳ ಮೊಳವಾಗಿ ಹಗ್ಗ ಬಂದು ಮಡಿಲಲ್ಲಿ ಸುರುಳಿ ಸುತ್ತಿಕೊಳ್ಳುತ್ತದೆ. ಕಣ್ಣು ಹಗ್ಗದ ಮೇಲಿಲ್ಲ, ಎದುರಿನ ಗೋಡೆಯ ಮೇಲೆಲ್ಲೋ ಇದೆ. ಪಕ್ಕದಲ್ಲಿ ಮುದುಕರೊಬ್ಬರು ಕೆಳಗೆ ಬಿಚ್ಚಿ ತಂದ ರಾಟೆಗೆ ಎಣ್ಣೆ ಬಿಡುತ್ತಿದ್ದಾರೆ. ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಕಾರ್ಖಾನೆಯ ಒಳ ಅಂಗಳದಲ್ಲಿ ಒಂದೇ ಒಂದು ದೀಪ ಉರಿಯುತ್ತಿದೆ. ಒಂದು ಕಡೆ ಬೆರಳು ನಿಲ್ಲುತ್ತದೆ, ಹಿಂದಕ್ಕೆ ಹೋಗುತ್ತದೆ, ಮತ್ತೆ ಮುಂದಕ್ಕೆ ಬರುತ್ತದೆ. ಏನಿಲ್ಲ, ನೂಲಿನ ಒಂದು ಸಣ್ಣ ಉಬ್ಬು. ಎಳೆಯುವುದು ಮುಂದುವರಿಯುತ್ತದೆ.

ಇವರನ್ನು ಕಾರ್ಖಾನೆಯಲ್ಲಿ ಎಲ್ಲರೂ ಕರೆಯುವುದು ತೂಕದಕ್ಕ ಎಂದು. ಎತ್ತರದ ಕಟ್ಟಡಗಳ ಹೊರಗೋಡೆಗೆ ನೇತುಬಿದ್ದು ಬಣ್ಣ ಬಳಿಯುವವರು, ಗಾಜು ಒರೆಸುವವರು ಬಳಸುವ ಹಗ್ಗ ಇಲ್ಲಿ ತಯಾರಾಗುತ್ತದೆ. ಅದು ಬಾಗಿಲು ದಾಟುವ ಮೊದಲು ಅದರಲ್ಲಿ ಕೂತು ನೋಡುವುದು ಅಕ್ಕನ ಕೆಲಸ. ಕೂತು ನೋಡುವುದು ಅಂದರೆ ಮಾತಿಗೆ ಹೇಳಿದ್ದಲ್ಲ, ನಿಜವಾಗಿಯೂ ಕೂರುವುದು.

ಮೂರನೇ ಮಹಡಿಯಿಂದ ಕಬ್ಬಿಣದ ತೊಲೆಯೊಂದು ಅಂಗಳದ ಮೇಲಕ್ಕೆ ಚಾಚಿಕೊಂಡಿದೆ. ಅದರ ತುದಿಯ ರಾಟೆಯ ಮೇಲೆ ಹೊಸ ಹಗ್ಗ ಹಾಯಿಸಿ, ಒಂದು ಕೊನೆಗೆ ಉಯ್ಯಾಲೆಯಂತೆ ಹಲಗೆ ಕಟ್ಟುತ್ತಾರೆ. ಅಕ್ಕ ಕೂರುತ್ತಾರೆ. ಸೊಂಟಕ್ಕೆ ಇನ್ನೊಂದು ಹಳೆಯ ದಪ್ಪ ಹಗ್ಗ, ಹೊಸದು ಕೈಕೊಟ್ಟರೆ ಹಿಡಿದುಕೊಳ್ಳಲಿ ಎಂದು. ಎಲ್ಲರೂ ರಾಟೆಯಣ್ಣ ಎನ್ನುವ ಆ ಮುದುಕರು ಕೈಚಕ್ರ ತಿರುಗಿಸಿ ಹಲಗೆಯನ್ನು ಮೇಲೆತ್ತುತ್ತಾರೆ. ಎರಡಾಳು ಎತ್ತರದಲ್ಲಿ ನಿಲ್ಲಿಸಿ, ಎರಡು ಸಲ ಬಲವಾಗಿ ಜಗ್ಗಿಬಿಡುತ್ತಾರೆ. ಅಕ್ಕನ ಹಲ್ಲು ಕಟಕ್ ಎನ್ನುತ್ತದೆ. ಉದ್ದದ ಹಗ್ಗವಾದರೆ ಭಾಗ ಭಾಗವಾಗಿ ಇದನ್ನೇ ಮತ್ತೆ ಮಾಡಬೇಕು. ಹಗ್ಗ ತಡೆದುಕೊಂಡರೆ ಅಕ್ಕ ಇಳಿದು ಬಂದು ಅದರ ತುದಿಗೆ ಕೆಂಪು ದಾರ ಕಟ್ಟುತ್ತಾರೆ.

“ಏನೇ, ಇವತ್ತು ಇಷ್ಟು ಹಗುರ ಇದ್ದೀಯ? ತಿಂಡಿ ತಿಂದಿಲ್ವಾ?” ಎಂದು ರಾಟೆಯಣ್ಣ ಮೇಲಿನಿಂದ ಕೂಗುತ್ತಾರೆ. “ನಾನು ಹಗುರ ಆಗಿಲ್ಲ. ನಿನ್ನ ತೋಳಿಗೆ ಕಸುವು ಬಂದಿರ್ಬೇಕು. ಈ ವಯಸ್ಸಲ್ಲಿ ಏನು ಮಹಾ ಪವಾಡ ಅಂತೀನಿ,” ಎಂಬುದು ಅಕ್ಕನ ಉತ್ತರ. ಹೆಚ್ಚು ಕಡಿಮೆ ದಿನವೂ ಇದೇ ಮಾತು, ಇದೇ ಉತ್ತರ. ಆದರೆ ಅಕ್ಕ ಹಗುರವಾಗಿರುವುದಂತೂ ನಿಜ. ಸಕ್ಕರೆ ಕಾಯಿಲೆ ಬಂದ ಮೇಲೆ ಮೈ ಅರ್ಧಕ್ಕರ್ಧ ಇಳಿದಿದೆ. ಕಳೆದುಹೋದ ತೂಕದ ಲೆಕ್ಕಕ್ಕೆ ಈಗ ಮಡಿಲಲ್ಲಿ ಮರಳಿನ ಚೀಲ ಇಟ್ಟುಕೊಳ್ಳುತ್ತಾರೆ.

ಕೆಲಸ ಸಿಕ್ಕಿದ್ದೇ ಆ ತೂಕದಿಂದ. ಗಂಡ ತೀರಿಕೊಂಡ ವರ್ಷ, ಕಸ ಗುಡಿಸುವ ಕೆಲಸವಾದರೂ ಇದೆಯಾ ಎಂದು ಕೇಳಿಕೊಂಡು ಬಂದಿದ್ದರಂತೆ. ಯಜಮಾನರು ಇವರನ್ನು ತಲೆಯಿಂದ ಕಾಲಿನವರೆಗೆ ನೋಡಿ, ನಿನ್ನ ತೂಕ ಎಷ್ಟಮ್ಮಾ ಎಂದರಂತೆ. ಅಕ್ಕನಿಗೆ ಮೈಯೆಲ್ಲ ಉರಿದುಹೋಯಿತು. ಸೆರಗು ಕೊಡವಿಕೊಂಡು ಹೊರಟೇಬಿಟ್ಟರು. ಯಜಮಾನರು ಗೇಟಿನ ತನಕ ಹಿಂದೆಯೇ ಓಡಿಬಂದು, ಕೋಪ ಮಾಡ್ಕೋಬೇಡ ತಾಯಿ, ನಿನ್ನಂಥವರನ್ನೇ ಹುಡುಕ್ತಾ ಇದ್ದೆ ಎಂದು ಕೈಮುಗಿದರು. “ನನ್ನ ಮೈ ನೋಡಿ ಮುಸಿಮುಸಿ ನಗ್ತಿದ್ದ ಓರಗಿತ್ತಿಗೆ ಹೋಗಿ ಹೇಳ್ದೆ, ನೋಡೇ, ಇದಕ್ಕೂ ಸಂಬಳ ಕೊಡೋರು ಇದ್ದಾರೆ ಅಂತ,” ಎನ್ನುವಾಗ ಅಕ್ಕನ ಮುಖ ಸ್ವಲ್ಪ ಅರಳುತ್ತದೆ.

ಯಜಮಾನರಿಗೆ ಈ ಪದ್ಧತಿ ಕಲಿಸಿದವರು ಬಣ್ಣದವರ ಮೇಸ್ತ್ರಿಯೊಬ್ಬರು. ಕಾರ್ಖಾನೆ ಶುರುವಾದ ಹೊಸದರಲ್ಲಿ ಹಗ್ಗ ಕೊಳ್ಳಲು ಬಂದ ಅವರು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ಕಲ್ಲಿನಂತೆ ಗಟ್ಟಿ ಎಂದು ಯಜಮಾನರು ಬಣ್ಣಿಸುತ್ತಿದ್ದರು. ಅಷ್ಟು ಗಟ್ಟಿ ಇದ್ರೆ ನೀವೇ ಕೂತು ತೋರಿಸಿ ಸ್ವಾಮಿ ಎಂದುಬಿಟ್ಟರು ಮೇಸ್ತ್ರಿ. ಯಜಮಾನರು ಇಸ್ತ್ರಿ ಮಾಡಿದ ಪ್ಯಾಂಟಿನಲ್ಲೇ ಹಲಗೆಯ ಮೇಲೆ ಕೂತರು. ಮೇಲೆ ಹೋಗುವಾಗ ಅವರ ಮುಖ ಸುಣ್ಣದಂತಾಗಿತ್ತು ಎಂದು ರಾಟೆಯಣ್ಣ ನೆನೆಯುತ್ತಾರೆ. ಆದರೆ ಮಾರನೆಯ ದಿನವೂ ಕೂತರು. ಅಲ್ಲಿಂದ ಮುಂದೆ ಪ್ರತಿ ಬೆಳಿಗ್ಗೆ ಮೊದಲ ಹಗ್ಗದಲ್ಲಿ ಅವರು, ಅಕ್ಕ ಸೇರಿದ ಮೇಲೆ ಮಿಕ್ಕಿದ್ದರಲ್ಲಿ ಅಕ್ಕ. ಎಲ್ಲ ಕೆಲಸಗಾರರೂ ಅಂಗಳದಲ್ಲಿ ನಿಂತು ಅದನ್ನು ನೋಡಿದ ಮೇಲೆಯೇ ಯಂತ್ರಗಳು ಶುರುವಾಗುತ್ತಿದ್ದವು.

“ಅವರು ಮೇಲೆ ಹೋಗೋದನ್ನ ನೋಡಿದ್ಮೇಲೆ ಯಾರ ಕೈಯೂ ಕಳ್ಳಾಟ ಆಡ್ತಿರ್ಲಿಲ್ಲ,” ಎನ್ನುತ್ತಾರೆ ಅಕ್ಕ. “ನಾನು ಹೊಸೆದ ಹಗ್ಗದಲ್ಲಿ ನಾಳೆ ಯಜಮಾನ್ರು ಕೂರ್ತಾರೆ ಅಂತ ಗೊತ್ತಿದ್ರೆ ಯಾರು ತಾನೇ ನೂಲು ಕದೀತಾರೆ ಹೇಳಿ.”

ಊರಿನ ಬಣ್ಣದವರೆಲ್ಲ ಕೆಂಪು ದಾರ ನೋಡಿಯೇ ಹಗ್ಗ ಕೊಳ್ಳತೊಡಗಿದರು. ಬೆಲೆ ಜಾಸ್ತಿಯೆಂದು ಯಾರೂ ಚೌಕಾಸಿ ಮಾಡುತ್ತಿರಲಿಲ್ಲ. ಇದು ಅಕ್ಕ ಕೂತ ಹಗ್ಗ ಎಂದರೆ ಮುಗಿಯಿತು.

ಯಜಮಾನರಿಗೆ ಪಾರ್ಶ್ವವಾಯು ಬಡಿದು ಮಾತು ಬಿದ್ದುಹೋದ ಮೇಲೆ ಕಾರ್ಖಾನೆ ಮಗನ ಕೈಗೆ ಬಂತು. ಚಿಕ್ಕ ಯಜಮಾನರು ಕೆಟ್ಟವರಲ್ಲ. ಈ ಮಾತನ್ನು ಅಕ್ಕ ಎರಡೆರಡು ಸಲ ಹೇಳುತ್ತಾರೆ. ಯಾರಿಗೂ ಗದರುವುದಿಲ್ಲ. ಅಕ್ಕನ ಔಷಧಿಯ ಖರ್ಚನ್ನು ಕಾರ್ಖಾನೆಯಿಂದಲೇ ಕೊಡಿಸುತ್ತಾರೆ. ಅವರು ಅಧಿಕಾರ ವಹಿಸಿಕೊಂಡ ಮೊದಲ ಬೆಳಿಗ್ಗೆ ಎಲ್ಲರೂ ಎಂದಿನಂತೆ ಅಂಗಳದಲ್ಲಿ ಸೇರಿದ್ದರು. ರಾಟೆಯಣ್ಣ ಹಲಗೆಯ ಧೂಳು ಒರೆಸಿ ಇಟ್ಟಿದ್ದರು. ಚಿಕ್ಕ ಯಜಮಾನರು ಬಂದರು, ಹಲಗೆ ನೋಡಿದರು, ತಲೆಯೆತ್ತಿ ತೊಲೆ ನೋಡಿದರು. ಅಷ್ಟರಲ್ಲಿ ಫೋನು ಬಂತು. ಮಾತಾಡುತ್ತ ಒಳಗೆ ಹೋದವರು ಹೊರಗೆ ಬರಲಿಲ್ಲ. ಬಿಸಿಲು ಏರುವ ತನಕ ಕಾದು ಜನ ಚದುರಿದರು. ಮಾರನೆಯ ದಿನ ಅಂಗಳದಲ್ಲಿ ಅರ್ಧ ಜನ. ಆ ವಾರದ ಕೊನೆಗೆ ಅಕ್ಕ ಮತ್ತು ರಾಟೆಯಣ್ಣ, ಇಬ್ಬರೇ.

ದೊಡ್ಡ ಕಟ್ಟಡ ಕಂಪನಿಗಳಿಂದ ಬೇಡಿಕೆ ಬಂತು. ಹೊಸ ಯಂತ್ರಗಳು ಬಂದವು. ಈಗ ದಿನಕ್ಕೆ ನೂರರ ಹತ್ತಿರ ಹಗ್ಗ ತಯಾರಾಗುತ್ತದೆ. ಅಕ್ಕ ಕೂರಬಲ್ಲದ್ದು ಹನ್ನೆರಡರಲ್ಲಿ, ಮೈ ಚೆನ್ನಾಗಿದ್ದ ದಿನ ಹದಿನೈದರಲ್ಲಿ. ಮಿಕ್ಕಿದ್ದನ್ನು ದಾರವಿಲ್ಲದೆ, ಕಡಿಮೆ ಬೆಲೆಗೆ ಬೇರೆ ಕೆಲಸಕ್ಕೆ ಮಾರುತ್ತಾರೆ ಎಂದೇ ಅವರು ತಿಳಿದಿದ್ದರು. ಒಂದು ದಿನ ದಾರ ಮುಗಿದು, ಪ್ಯಾಕಿಂಗ್ ಕೋಣೆಯಲ್ಲಿ ಕೇಳೋಣವೆಂದು ಹೋದರು. ಅಲ್ಲಿ ಮೇಜಿನ ಮೇಲೆ ಕೆಂಪು ದಾರದ ದೊಡ್ಡ ಉಂಡೆಗಳಿದ್ದವು. ನಾಲ್ವರು ಹೆಂಗಸರು ಬಗ್ಗಿ ಕೂತು ಪ್ರತಿಯೊಂದು ಹಗ್ಗಕ್ಕೂ ದಾರ ಕಟ್ಟುತ್ತಿದ್ದರು. ಅಕ್ಕನನ್ನು ಕಂಡು ಒಬ್ಬಳು ನಕ್ಕು, ಬಾ ಅಕ್ಕ, ನೀನೊಬ್ಬಳೇ ಇಷ್ಟು ವರ್ಷ ಹೇಗೆ ಕಟ್ಟಿದ್ಯೋ, ನಮ್ಮ ಬೆರಳು ಸತ್ತೇಹೋಯ್ತು ಎಂದಳು. ಕೂತು ನೋಡಿದ ಹಗ್ಗಕ್ಕೆ ಮಾತ್ರ ಆ ದಾರ ಎಂಬುದು ಅವಳಿಗೆ ಗೊತ್ತಿರಲಿಲ್ಲ. ಅಕ್ಕ ದಾರ ಕೇಳದೆ ವಾಪಸು ಬಂದರು.

ಇದನ್ನು ಕೇಳಲು ಹೋದ ಅಕ್ಕನನ್ನು ಚಿಕ್ಕ ಯಜಮಾನರು ಕುರ್ಚಿಯ ಮೇಲೆ ಕೂರಿಸಿ, ಚಹಾ ತರಿಸಿ, ಸಮಾಧಾನವಾಗಿಯೇ ಮಾತಾಡಿದರು. ಹಗ್ಗ ಜಗ್ಗಿ ನೋಡುವ ಯಂತ್ರ ಬರುತ್ತದೆ ಎಂದರು. ಮನುಷ್ಯರನ್ನು ಕೂರಿಸಿ ನೋಡುವ ಕಾರ್ಖಾನೆ ಈಗ ಎಲ್ಲೂ ಇಲ್ಲ ಎಂದರು. ಕೊನೆಗೆ ಹೊಗಳಿಕೆಯೆಂಬಂತೆ ಹೇಳಿದ ಒಂದು ಮಾತು ಅಕ್ಕನ ಕಿವಿಯಿಂದ ಹೋಗಿಲ್ಲ: “ಜನಕ್ಕೆ ನಿಮ್ಮ ಮೇಲಿರೋ ನಂಬಿಕೇನೇ ಅಕ್ಕ, ನಾವು ಮಾರ್ತಿರೋದು.”

ಚಹಾ ಹಾಗೇ ಬಿಟ್ಟು ಎದ್ದು ಬಂದರು. ಯಂತ್ರ ಇನ್ನೂ ಬಂದಿಲ್ಲ. ಅದಕ್ಕೆಂದು ತೆರವು ಮಾಡಿಸಿದ ಮೂಲೆಯಲ್ಲಿ ರಟ್ಟಿನ ಪೆಟ್ಟಿಗೆಗಳನ್ನು ಪೇರಿಸಿದ್ದಾರೆ. ಪೆಟ್ಟಿಗೆಯ ಮೇಲೆ ಕೆಂಪು ಗಂಟಿನ ಚಿತ್ರವಿದೆ. ಅದರ ಕೆಳಗೆ, ಪ್ರತಿ ಹಗ್ಗವನ್ನೂ ಮನುಷ್ಯರೇ ಕೂತು ಪರೀಕ್ಷಿಸಿದ್ದು ಎಂದು ಅಚ್ಚು ಹಾಕಿಸಿದ್ದಾರೆ.

ತಾನು ಕೂತ ಹಗ್ಗವಾದರೂ ಬೇರೆಯಾಗಿ ಕಾಣಲಿ ಎಂದು ಅಕ್ಕ ಒಂದು ಗಂಟಿನ ಬದಲು ಎರಡು ಗಂಟು ಹಾಕಲು ಶುರು ಮಾಡಿದರು. ಬಣ್ಣದವರು ಎರಡು ಗಂಟಿನದೇ ಬೇಕೆಂದು ಕೇಳತೊಡಗಿದರು. ಸ್ವಲ್ಪ ದಿನಕ್ಕೆ ಪ್ಯಾಕಿಂಗ್ ಕೋಣೆಗೆ ಅಪ್ಪಣೆ ಹೋಯಿತು, ಎಲ್ಲದಕ್ಕೂ ಎರಡು ಗಂಟು ಹಾಕಬೇಕೆಂದು. “ಮೂರು ಹಾಕಿದ್ರೆ ಅವರೂ ಮೂರು ಹಾಕ್ತಾರೆ. ಹೀಗೇ ಹೋದ್ರೆ ಹಗ್ಗಕ್ಕಿಂತ ಗಂಟೇ ಉದ್ದ ಆಗುತ್ತೆ,” ಎಂದು ನಗುತ್ತಾರೆ. ನಗು ಅರ್ಧಕ್ಕೇ ನಿಲ್ಲುತ್ತದೆ.

ಇದಕ್ಕಿಂತ ಹೆಚ್ಚು ಅವರನ್ನು ತಿನ್ನುತ್ತಿರುವುದು ಇನ್ನೊಂದು. ಆ ಹಳೆಯ ಮೇಸ್ತ್ರಿಗೆ ಈಗ ವಯಸ್ಸಾಗಿದೆ. ತಮ್ಮ ಹುಡುಗರಿಗೆ ಹಗ್ಗ ಕೊಳ್ಳಲು ಹೋದ ತಿಂಗಳು ಬಂದಿದ್ದರು. ಒಂದು ಸುರುಳಿ ಎತ್ತಿಕೊಂಡು, ಇದು ನೀನು ಕೂತಿದ್ದೇ ತಾನೇ ಅಕ್ಕ ಎಂದು ಕೇಳಿದರು. ಪಕ್ಕದಲ್ಲಿ ಚಿಕ್ಕ ಯಜಮಾನರು ನಿಂತಿದ್ದರು. ಅಕ್ಕ ಹೂಂ ಎಂದುಬಿಟ್ಟರು. ಮೇಸ್ತ್ರಿ ಸುರುಳಿಯನ್ನು ಹೆಗಲಿಗೇರಿಸಿಕೊಂಡು ಹೋದರು. “ಇನ್ನೊಂದು ಸಲ ಕೇಳಿದ್ದಿದ್ರೆ ನಾನು ಬಾಯಿ ಬಿಡ್ತಿದ್ನೇನೋ. ಅವರು ಕೇಳ್ಲೇ ಇಲ್ಲ. ಅಷ್ಟು ನಂಬಿಕೆ.” ಸಂಜೆ ಅವರ ಮನೆ ಹುಡುಕಿಕೊಂಡು ಹೋಗಿ, ಅದು ತಾನು ಕೂತಿದ್ದೋ ಅಲ್ಲವೋ ತನಗೇ ಗೊತ್ತಿಲ್ಲ ಎಂದು ನಿಜ ಹೇಳಿದರು. ಮೇಸ್ತ್ರಿ ಬೈಯಲಿಲ್ಲ. ಹಗ್ಗ ಆಗಲೇ ಕೆಲಸಕ್ಕೆ ಹೋಗಿದೆ ಎಂದಷ್ಟೇ ಹೇಳಿ ಬಾಗಿಲು ಮುಂದೆ ಮಾಡಿಕೊಂಡರು. ಆಮೇಲೆ ಅವರು ಕಾರ್ಖಾನೆಯ ಕಡೆ ಬಂದಿಲ್ಲ.

ಅಕ್ಕನ ಅಳಿಯನೂ ಗಾಜು ಒರೆಸುವ ಕೆಲಸದವನು. ಮಗಳು ಈಗ ತುಂಬು ಬಸುರಿ. ಅಳಿಯನಿಗೆ ಎಲ್ಲ ಹೇಳಿ, ನಮ್ಮ ಕಾರ್ಖಾನೆಯ ಹಗ್ಗಕ್ಕೆ ಹತ್ತಬೇಡಪ್ಪ ಎಂದರೆ ಅವನು, “ಗುತ್ತಿಗೆದಾರ ಯಾವ ಹಗ್ಗ ಕೊಡ್ತಾನೋ ಅದಕ್ಕೇ ಹತ್ಬೇಕು ಅತ್ತೆ. ನಮಗೇನು ಅಂಗಡೀಲಿ ಆರಿಸಿಕೊಳ್ಳೋಕೆ ಬಿಡ್ತಾರಾ?” ಎಂದ. ಕೆಲಸ ಬಿಟ್ಟುಬಿಡೋಣ ಎಂದು ಅಕ್ಕನಿಗೂ ಅನ್ನಿಸಿದೆ. ತಾನು ಬಿಟ್ಟರೆ ದಾರ ಕಟ್ಟುವುದು ನಿಲ್ಲುವುದಿಲ್ಲ, ಇದ್ದರೆ ಹನ್ನೆರಡಾದರೂ ನಿಜವಾದದ್ದು ಹೋಗುತ್ತದೆ ಎಂದುಕೊಂಡು ಉಳಿದಿದ್ದಾರೆ. ಆ ಹನ್ನೆರಡು ಯಾವುವು ಎಂದು ಅಂಗಳ ದಾಟಿದ ಮೇಲೆ ಅವರಿಗೇ ಗೊತ್ತಾಗುವುದಿಲ್ಲ.

ರಜೆಯ ದಿನ ಹಳೆಯ ಯಜಮಾನರನ್ನು ನೋಡಲು ಹೋಗುತ್ತಾರೆ. ಅವರು ಮಲಗಿದಲ್ಲಿಂದಲೇ ಅಕ್ಕನ ಅಂಗೈ ಹಿಡಿದು, ಜಡ್ಡುಗಟ್ಟಿದ ಜಾಗವನ್ನು ಬೆರಳಿನಿಂದ ಸವರುತ್ತಾರೆ, ಹಗ್ಗ ನೋಡಿದ ಹಾಗೆ. ಆಮೇಲೆ ಮುಖ ನೋಡುತ್ತಾರೆ. ಎಲ್ಲ ಗಟ್ಟಿಯಾಗಿದೆ ಯಜಮಾನ್ರೇ ಎನ್ನುತ್ತಾರೆ ಅಕ್ಕ.

ಈ ಬೆಳಿಗ್ಗೆ ಅಂಗಳದ ಇನ್ನೊಂದು ಬದಿಯಲ್ಲಿ ಲಾರಿ ನಿಂತಿದೆ. ಅಳಿಯ ಕೆಲಸ ಮಾಡುವ ಕಟ್ಟಡಕ್ಕೇ ಹೋಗುವ ಸರಕು. ಅದರಲ್ಲಿ ಅಕ್ಕನಿಗೆ ಕೂರಲು ಸಿಕ್ಕಿರುವುದು ಕೆಲವೇ ಹಗ್ಗ. ಆಗಲೇ ಬೆರಳಲ್ಲಿ ನೋಡಿದ ಹಗ್ಗವನ್ನು ರಾಟೆಗೆ ಹಾಯಿಸುತ್ತಾರೆ, ಮರಳಿನ ಚೀಲ ಮಡಿಲಿಗೆ ಎಳೆದುಕೊಳ್ಳುತ್ತಾರೆ. ರಾಟೆಯಣ್ಣ ಮೇಲೆತ್ತುತ್ತಾರೆ. ಮೊದಲ ಜಗ್ಗಿಗೆ ಏನೂ ಆಗುವುದಿಲ್ಲ. ಎರಡನೆಯದಕ್ಕೆ ತಲೆಯ ಮೇಲೆಲ್ಲೋ ಟಪ್ ಎಂಬ ಸಣ್ಣ ಸದ್ದು. ಮೂರು ಎಳೆಯಲ್ಲಿ ಒಂದು ಬಿಟ್ಟುಕೊಂಡು ಸರ್ರನೆ ಬಿಚ್ಚುತ್ತದೆ. ಹಲಗೆ ಓರೆಯಾಗುತ್ತದೆ. ಮರಳಿನ ಚೀಲ ನೆಲಕ್ಕೆ ಬಿದ್ದು ಒಡೆಯುತ್ತದೆ. ಅಕ್ಕ ಸೊಂಟದ ಹಗ್ಗದಲ್ಲಿ ಗಿರಗಿರನೆ ತಿರುಗುತ್ತ ನೇತಾಡುತ್ತಾರೆ. ರಾಟೆಯಣ್ಣ ಆ ಹಗ್ಗವನ್ನು ಗೇಣು ಗೇಣಾಗಿ ಸಡಿಲಿಸಿ ಅವರನ್ನು ಇಳಿಸುತ್ತಾರೆ.

ಸದ್ದಿಗೆ ಚಿಕ್ಕ ಯಜಮಾನರು ಓಡಿ ಬರುತ್ತಾರೆ. ಪೆಟ್ಟಾಯಿತಾ ಎಂದು ಕೇಳುತ್ತಾರೆ, ನೀರು ತರಿಸುತ್ತಾರೆ. ಅಕ್ಕ ನೀರು ಕುಡಿಯುತ್ತಾರೆ. ಲಾರಿಯಿಂದ ಸರಕೆಲ್ಲ ಇಳಿಸಿ, ನಾನು ಒಂದೊಂದರಲ್ಲೂ ಕೂತು ನೋಡ್ತೀನಿ, ಎಷ್ಟು ದಿನವಾದರೂ ಸರಿ ಎನ್ನುತ್ತಾರೆ. ಮಧ್ಯಾಹ್ನದೊಳಗೆ ಸರಕು ಅಲ್ಲಿರಬೇಕು, ಇಲ್ಲದಿದ್ದರೆ ಕಂಪನಿ ಬೇರೆಯವರ ಹತ್ತಿರ ಹೋಗುತ್ತದೆ, ಇಷ್ಟು ಜನರ ಹೊಟ್ಟೆಪಾಡು ಎನ್ನುತ್ತಾರೆ ಚಿಕ್ಕ ಯಜಮಾನರು. ಸುಳ್ಳು ಹೇಳುತ್ತಿಲ್ಲ. “ಒಂದು ಹಾಳಾಗಿದೆ ಅಂದ್ರೆ ಎಲ್ಲ ಹಾಳು ಅಂತಲ್ವಲ್ಲ ಅಕ್ಕ. ಅದೊಂದನ್ನ ತೆಗೆದಿಟ್ಟುಬಿಡಿ.”

ಪ್ಯಾಕಿಂಗ್ ಕೋಣೆಯ ಹೆಂಗಸರು, ಯಂತ್ರದವರು ಬಂದು ಗೋಡೆಗೊರಗಿ ನಿಂತಿದ್ದಾರೆ. ಎಷ್ಟೋ ದಿನದ ಮೇಲೆ ಅಂಗಳ ತುಂಬಿದೆ. ಅಕ್ಕ ಹಲಗೆ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು, ಚೆಲ್ಲಿದ ಮರಳು ತುಳಿಯುತ್ತ ಲಾರಿಯ ಹತ್ತಿರ ನಡೆಯುತ್ತಾರೆ. ಸೊಂಟದ ಹಗ್ಗ ಇನ್ನೂ ಬಿಚ್ಚಿಲ್ಲ, ಹಿಂದೆ ನೆಲದ ಮೇಲೆ ಎಳೆದುಕೊಂಡು ಬರುತ್ತಿದೆ. ದನಿ ಏರಿಸುವುದಿಲ್ಲ.

“ಹಾಗಾದ್ರೆ ಇದ್ರಲ್ಲಿ ಯಾವುದಾದ್ರೂ ಒಂದು ಹಗ್ಗ ನೀವೇ ಆರಿಸಿ, ಚಿಕ್ಕ ಯಜಮಾನ್ರೇ. ಒಂದೇ ಒಂದ್ಸಲ ಈ ಹಲಗೆ ಮೇಲೆ ಕೂತ್ಕೊಳ್ಳಿ. ನನ್ನ ಸೊಂಟದ ಹಗ್ಗ ಬಿಚ್ಚಿ ನಿಮಗೇ ಕಟ್ತೀನಿ.”

ಚಿಕ್ಕ ಯಜಮಾನರು ಗಡಿಯಾರ ನೋಡಿಕೊಳ್ಳುತ್ತಾರೆ. ಹೆಂಗಸರು ನೆಲ ನೋಡುತ್ತಾರೆ. ಲಾರಿಯ ಎಂಜಿನ್ ಶುರುವಾಗುತ್ತದೆ. ಹಲಗೆ ಚಾಚಿದ ಕೈಯನ್ನು ಅಕ್ಕ ಇನ್ನೂ ಹಿಂದಕ್ಕೆ ತೆಗೆದುಕೊಂಡಿಲ್ಲ.