ಬ್ಯಾಟ್ ಬೀಸಬೇಡ ಎನ್ನುವ ಲಗಮವ್ವ

ಶೇಡಬಾಳದ ಹೈಸ್ಕೂಲಿನ ಮೈದಾನದಲ್ಲಿ ಈಗಷ್ಟೇ ಬೆಳಕು ಹರಿಯುತ್ತಿದೆ. ಕಚ್ಚೆ ಬಿಗಿದ ಲಗಮವ್ವ ಸೊಂಟದ ಕೆಳಗಿನಿಂದ ಕೈ ಬೀಸಿ ಚೆಂಡು ಎಸೆಯುತ್ತಾರೆ. ಎದುರಿಗೆ ಒಂಬತ್ತನೇ ಇಯತ್ತೆಯ ಹುಡುಗಿ ಬ್ಯಾಟ್ ಹಿಡಿದು ನಿಂತಿದ್ದಾಳೆ. ಅವಳ ಮುಂದೆ ಎರಡು ಗೂಟ, ಗೂಟಗಳ ನಡುವೆ ಎರಡು ದಾರ. ಒಂದು ಅವಳ ಕಂಕುಳ ಮಟ್ಟಕ್ಕೆ, ಇನ್ನೊಂದು ಮೊಣಕಾಲ ಮಟ್ಟಕ್ಕೆ. ಚೆಂಡು ದಾರಗಳ ನಡುವೆ ಹಾಯ್ದರೆ "ನಂದು" ಎನ್ನಬೇಕು, ಇಲ್ಲದಿದ್ದರೆ "ಬಿಟ್ಟೆ". ಬ್ಯಾಟ್ ಬೀಸುವಂತಿಲ್ಲ. ಮೊದಲ ಹದಿನೈದು ದಿನ ಇಷ್ಟೇ ಪಾಠ, ದಿನಕ್ಕೆ ಇನ್ನೂರು ಚೆಂಡು.

ಲಗಮವ್ವ ಈ ಶಾಲೆಯ ಸಿಪಾಯಿ. ಗಂಟೆ ಹೊಡೆಯುವುದು, ನೀರು ತುಂಬುವುದು ಅವರ ಕೆಲಸ. ೧೯೮೬ರಲ್ಲಿ ಆಟದ ಮಾಸ್ತರರೊಬ್ಬರು ಇಲ್ಲಿಗೆ ಸಾಫ್ಟ್‌ಬಾಲ್ ತಂದರು, ಎರಡೇ ವರ್ಷಕ್ಕೆ ವರ್ಗವಾಗಿ ಹೋದರು. ಅಷ್ಟರಲ್ಲಿ, ಚೆಂಡು ಆರಿಸಿಕೊಡಲು ಆಡುವವರ ಹಿಂದೆ ನಿಲ್ಲುತ್ತಿದ್ದ ಲಗಮವ್ವ ಆಟವನ್ನೆಲ್ಲ ನೋಡಿಯೇ ಕಲಿತಿದ್ದರು.

"ಕುರಿ ಕಾಯ್ವಾಗ ಕಲ್ಲ ಒಗದ ಕೈರಿ ಇದು. ಚೆಂಡ ಒಗಿಯೋದು ಏನ ದೊಡ್ಡ ಮಾತಲ್ಲ."

ಕಷ್ಟ ಹುಡುಗಿಯರದು. ಜೋಳದ ಹೊಲದಲ್ಲಿ ಹಕ್ಕಿ ಓಡಿಸಿ ಬೆಳೆದವರು. ಕಣ್ಣ ಮುಂದೆ ಏನು ಹಾರಿದರೂ ಬೀಸಿಬಿಡುತ್ತಾರೆ. ಈ ಆಟದಲ್ಲಿ ಬೇಸು ಎನ್ನುವ ಮೂರು ಗುರುತಿನ ಜಾಗ ಮುಟ್ಟಿ, ಹೊರಟಲ್ಲಿಗೆ ಮರಳಿದರೆ ಒಂದು ರನ್. ಅಳತೆ ತಪ್ಪಿ ಬಂದ ನಾಲ್ಕು ಚೆಂಡು ಬಿಟ್ಟರೆ ಹೊಡೆಯದೆಯೇ ಮೊದಲ ಬೇಸು ಸಿಗುತ್ತದೆ ಎಂದರೆ ನಂಬುವುದಿಲ್ಲ.

ಈ ವರ್ಷ ಚಿಕ್ಕೋಡಿಯ ಪಂದ್ಯ ಸೋತರೆ ಆಟವೇ ಬಂದ್, ಬ್ಯಾಟುಗಳಿಗೆ ಬೀಗ ಎಂದು ಹೆಡ್‌ಮಾಸ್ತರರು ಹೇಳಿದ್ದರು. ಕಳೆದ ವಾರ ಆ ಪಂದ್ಯದ ಕೊನೆಯ ಸರದಿಯಲ್ಲಿ ಎರಡೂ ಕಡೆ ಸಮ. ಮೂರೂ ಬೇಸಿನಲ್ಲಿ ಶೇಡಬಾಳದ ಹುಡುಗಿಯರು. ಬ್ಯಾಟ್ ರಾಜಮತಿಯ ಕೈಯಲ್ಲಿ. ಅಳತೆ ತಪ್ಪಿದ ಮೂರು ಚೆಂಡು ಬಿಟ್ಟಿದ್ದಳು, ಎರಡಕ್ಕೆ ಬೀಸಿ ತಪ್ಪಿದ್ದಳು. ಇನ್ನೊಂದು ತಪ್ಪಿದರೆ ಔಟ್. ಬೇಲಿಯಾಚೆಯಿಂದ ಅವಳಪ್ಪ ಪಾರಿಸ ಕೂಗಿದರು.

"ಬ್ಯಾಟ್ ಏನ ಪೂಜಾ ಮಾಡಾಕ ತಂದೀಯೇನ ಬೇ? ಹೊಡಿ."

ಚೆಂಡು ಕಣ್ಣಿನ ಎತ್ತರಕ್ಕೆ ಬಂತು. ರಾಜಮತಿಯ ಮೊಣಕೈ ಅಲುಗಿತು, ಬ್ಯಾಟ್ ಅಲುಗಲಿಲ್ಲ. ಅಂಪೈರ್ ಮೊದಲ ಬೇಸಿನತ್ತ ಕೈ ತೋರಿಸಿದರು. ಅವಳಿಗೆ ಜಾಗ ಬಿಡಲು ಉಳಿದವರೂ ಒಂದೊಂದು ಬೇಸು ಮುಂದೆ ಸರಿದರು. ಮೂರನೇ ಬೇಸಿನವಳು ನಡೆದುಕೊಂಡೇ ಬಂದು ಗೆಲುವಿನ ರನ್ ತಂದಳು. ಏನಾಯಿತೆಂದು ತಿಳಿಯದೆ ಜನ ಚಪ್ಪಾಳೆ ಕೂಡ ತಟ್ಟಲಿಲ್ಲ.

ಹೆಡ್‌ಮಾಸ್ತರರು ಬೀಗದ ಮಾತು ಮತ್ತೆ ಎತ್ತಿಲ್ಲ. ಹೊಡೆಯದೆ ಗೆದ್ದರೆ ಅದೆಂಥ ಗೆಲುವು ಎಂದು ಪಾರಿಸ ಮಾತ್ರ ಇನ್ನೂ ಗೊಣಗುತ್ತಿದ್ದಾರೆ. ಅದನ್ನು ಹೇಳಿದರೆ ಲಗಮವ್ವ ನಗುತ್ತಾರೆ.

"ಆಕಿ ಬಿಡೋದು ಕಲತಾಳ್ರಿ, ತ್ರಾಸಿನ ಕೆಲಸ ಅದ. ನಾಳಿಂದ ಹೊಡಿಯೋದು ಕಲಸ್ತೀನಿ."